ಪಾಲುಪಟ್ಟಿಯಲ್ಲಿ ಜೀಪಿನ ಬೆಲೆ

ಅಡಿಕೆ ಸುಗ್ಗಿ ಮುಗಿದು, ಕಾಫಿ ಕಣ ಬರಿದಾಗಿ, ಹೂಮಳೆಗೆಂದು ಆಕಾಶ ನೋಡುತ್ತ ಕೂರುವ ಕಾಲಕ್ಕೆ ಸರಿಯಾಗಿ ನಮ್ಮ ಕಡೆ ಇನ್ನೊಂದು ಕೆಲಸ ಶುರುವಾಗುತ್ತದೆ. ಅದು ಪಾಲಿನ ಪಂಚಾಯ್ತಿಕೆ. ಹೊರಗಿರುವ ಮಕ್ಕಳು ಊರಿಗೆ ಬರುವುದು ಆಗಲೇ, ಬೆಳೆ ಮಾರಿದ ಹಣ ಕೈಯಲ್ಲಿರುವುದೂ ಆಗಲೇ. ಸಂಘದ ಕಾರ್ಯದರ್ಶಿಯೆಂದ ಮೇಲೆ ಲೆಕ್ಕ ತಿಳಿದವರಿರಬೇಕೆಂದು ಭಾವಿಸಿ ಸದಸ್ಯರು ನಮ್ಮನ್ನೂ ಪಂಚರ ಸಾಲಿನಲ್ಲಿ ಕೂರಿಸುವುದುಂಟು. ಬೇಡವೆನ್ನಲಾಗದೆ ಹೋಗಿ ಕೂತಿದ್ದೇವೆ, ಬೈಸಿಕೊಂಡೂ ಬಂದಿದ್ದೇವೆ.

ಹೀಗೆ ಕೂತು ನಾವು ಕಂಡುಕೊಂಡ ಸಂಗತಿಯೊಂದಿದೆ. ಹತ್ತು ಎಕರೆ ತೋಟ ಒಂದು ಹಗಲಿನಲ್ಲಿ ಪಾಲಾಗುತ್ತದೆ. ಅಂಗಳದಲ್ಲಿ ನಿಂತ ಜೀಪು ಮೂರು ದಿನ ಹಿಡಿಯುತ್ತದೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ತೋಟಕ್ಕೆ ಸರ್ವೆ ನಂಬರು ಉಂಟು, ಪಹಣಿ ಉಂಟು. ಹಿಸ್ಸೆ ಮಾಡಿ ಗಡಿಕಲ್ಲು ನೆಡಬಹುದು. ಚಿನ್ನಕ್ಕೆ ತೂಕವೂ ಆ ದಿನದ ದರವೂ ಉಂಟು. ಗೋದಾಮಿನ ಅಡಿಕೆಗೆ ಮಾರುಕಟ್ಟೆಯ ಧಾರಣೆ ಉಂಟು. ಬ್ಯಾಂಕಿನ ಠೇವಣಿಗೆ ಪುಸ್ತಕವೇ ಸಾಕ್ಷಿ. ಜೀಪನ್ನೋ ಸೀಳಿ ಹಂಚುವಂತಿಲ್ಲ. ಅದರ ಬೆಲೆಯನ್ನು ಯಾವ ಕಚೇರಿಯೂ ಬರೆದುಕೊಡುವುದಿಲ್ಲ. ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಬೆಲೆ.

ಹಿರಿಯ ಸದಸ್ಯರಿಗೆ ನೆನಪಿರಬಹುದು. 1953ರ ಎಸ್ಟೇಟ್ ಡ್ಯೂಟಿ ಕಾಯಿದೆ ಜಾರಿಯಲ್ಲಿದ್ದ ಕಾಲದಲ್ಲಿ ದೊಡ್ಡ ಆಸ್ತಿವಂತರು ಸತ್ತರೆ ಅವರ ಸ್ಥಿರಚರ ಸ್ವತ್ತುಗಳೆಲ್ಲವಕ್ಕೂ ಬೆಲೆ ಕಟ್ಟಿ ಸರಕಾರಕ್ಕೆ ಲೆಕ್ಕ ಒಪ್ಪಿಸಬೇಕಾಗಿತ್ತು. 1985ರಲ್ಲಿ ಆ ತೆರಿಗೆ ಹೋಯಿತು. ಹೋದದ್ದು ಒಳ್ಳೆಯದೇ. ಆದರೆ ಅದರೊಂದಿಗೆ ಬೆಲೆ ಕಟ್ಟುವ ಅಭ್ಯಾಸವೂ ಹೋಯಿತು. ಈಗ ನಮ್ಮ ಜೀಪಿನ ಬೆಲೆಯನ್ನು ಕೇಳುವ ಅಧಿಕಾರಿ ಯಾರೂ ಇಲ್ಲ. ಕೇಳುವವರು ಅಣ್ಣತಮ್ಮಂದಿರು, ಅಕ್ಕತಂಗಿಯರು ಮಾತ್ರ. ಅವರಿಗೆ ಸರಿಯಾದ ಉತ್ತರ ಕೊಡುವುದು ಸರಕಾರಕ್ಕೆ ಕೊಡುವುದಕ್ಕಿಂತ ಕಷ್ಟ.

ಒಂದು ಮನೆಯ ಸಂಗತಿ

ಹೆಸರು, ಊರು ಬೇಡ. ನಮ್ಮ ಸದಸ್ಯರೊಬ್ಬರು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಿರಿಯ ಮಗ ತೋಟದಲ್ಲಿ, ಕಿರಿಯವನು ಬೆಂಗಳೂರಿನ ಕಂಪನಿಯಲ್ಲಿ, ನಡುವಿನವಳಾದ ಮಗಳನ್ನು ಪಕ್ಕದ ತಾಲೂಕಿಗೆ ಕೊಟ್ಟಿದೆ. ತೋಟ, ಮನೆ, ಬೆಳೆಸಾಲ ಎಲ್ಲವೂ ಮಧ್ಯಾಹ್ನದ ಊಟದೊಳಗೆ ಇತ್ಯರ್ಥವಾದವು. ಎಲೆಯಡಿಕೆ ಹಾಕಿಕೊಂಡು ಪಟ್ಟಿಯ ಕೊನೆಗೆ ಬಂದರೆ ಅಲ್ಲಿ ಜೀಪು.

ಹಳೆಯ ಪೆಟ್ರೋಲ್ ಜೀಪು. ತಂದೆಯವರು ತಮ್ಮ ಸ್ವಂತ ದುಡಿಮೆಯಿಂದ ಕೊಂಡು, ನಡುವೆ ಎಂದೋ ಡೀಸೆಲ್ ಎಂಜಿನ್ ಕೂರಿಸಿದ್ದರು. ಹಿರಿಯ ಮಗ ಹೇಳಿದ್ದು: "ಕಾರ್ಯದರ್ಶಿಗಳೇ, ಅದನ್ನ ಗುಜರಿಯವ್ನೂ ಮುಟ್ಟಲ್ಲ. ಅರವತ್ತು ಸಾವಿರ ಅಂತ ಬರ್ದು ಮುಗ್ಸಿ." ಕಿರಿಯವನು ಕೈಯಲ್ಲಿದ್ದ ಫೋನನ್ನು ಮುಂದೆ ಹಿಡಿದ: "ಅಣ್ಣ, ಬೆಂಗಳೂರಲ್ಲಿ ಇಂಥದಕ್ಕೇ ಆರು ಲಕ್ಷ ಕೇಳ್ತಿದಾರೆ, ನೋಡು." ಅರವತ್ತು ಸಾವಿರಕ್ಕೂ ಆರು ಲಕ್ಷಕ್ಕೂ ನಡುವೆ ಹತ್ತು ಪಟ್ಟು ಅಂತರ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬನಿಗೆ ಮಳೆಗಾಲದಲ್ಲಿ ಸ್ಟಾರ್ಟ್ ಆಗದೆ ತಳ್ಳಿದ ನೆನಪು. ಇನ್ನೊಬ್ಬನಿಗೆ ಹಳೆಯ ಜೀಪಿಗೆ ಬಣ್ಣ ಬಳಿದು ಮೆರೆಸುವ ಪೇಟೆಯ ಹವ್ಯಾಸಿಗಳ ಬೆಲೆ.

ಮಗಳು ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಆಗ ಹೇಳಿದಳು: "ನಂಗೆ ಜೀಪು ಬ್ಯಾಡ. ಆದ್ರೆ ಅದಕ್ಕೆ ಬೆಲೆಯೇ ಇಲ್ಲ ಅಂತ ಬರೀಬೇಡಿ."

ಆ ದಿನ ಸಭೆ ಮುಂದಕ್ಕೆ ಹೋಯಿತು. ಒಂದು ವಾರದ ಅವಧಿ ತೆಗೆದುಕೊಂಡು ಕ್ರಮವಾಗಿ ಬೆಲೆ ಕಟ್ಟಿದೆವು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇವೆ. ಜೀಪಿಗೆ ಮಾತ್ರವಲ್ಲ; ಪಿಕಪ್, ಟ್ರ್ಯಾಕ್ಟರ್, ಪವರ್ ಟಿಲ್ಲರ್, ಕೊನೆಗೆ ಪಲ್ಪರ್ ಯಂತ್ರಕ್ಕೂ ಇದೇ ದಾರಿ.

ಮೊದಲು, ಪಾಲು ಯಾರ್ಯಾರದು?

ಬೆಲೆಗೆ ಮೊದಲು ಪಾಲುದಾರರು ಯಾರೆಂದು ಗೊತ್ತಾಗಬೇಕು. ಸತ್ತವರು ಉಯಿಲು ಬರೆದಿದ್ದರೆ ಅವರ ಸ್ವಂತ ಸ್ವತ್ತು ಉಯಿಲಿನಂತೆ ಹೋಗುತ್ತದೆ. ಉಯಿಲಿಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 8ನೇ ಕಲಮಿನಂತೆ, ಗಂಡಸಿನ ಸ್ವಂತ ಸ್ವತ್ತು ಮೊದಲ ವರ್ಗದ ವಾರಸುದಾರರಿಗೆ ಸೇರುತ್ತದೆ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ತಾಯಿ, ಇವರೆಲ್ಲರಿಗೂ ಸಮಪಾಲು. ಮೊದಲೇ ತೀರಿಕೊಂಡ ಮಗನೋ ಮಗಳೋ ಇದ್ದರೆ ಅವರ ಪಾಲು ಅವರ ಕುಟುಂಬಕ್ಕೆ.

ಒಟ್ಟು ಕುಟುಂಬದ ಆಸ್ತಿಯಾಗಿದ್ದರೆ ಲೆಕ್ಕ ಬೇರೆ, ಅದನ್ನು ವಕೀಲರ ಮುಂದೆ ಇಡಬೇಕು. ಆದರೆ ಅಲ್ಲಿಯೂ ಒಂದು ಮಾತು ಖಚಿತ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಬಂಧನೆ ಇಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಕ್ರೈಸ್ತ ಸದಸ್ಯರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೂ ಮುಸ್ಲಿಂ ಸದಸ್ಯರಿಗೆ ಅವರ ವೈಯಕ್ತಿಕ ಕಾನೂನೂ ಅನ್ವಯಿಸುತ್ತವೆ. ಪಾಲಿನ ಪ್ರಮಾಣ ಬೇರೆಯಾದರೂ ಬೆಲೆ ಕಟ್ಟುವ ವಿಧಾನ ಒಂದೇ.

ಮೇಲೆ ಹೇಳಿದ ಮನೆಯಲ್ಲಿ ನಾಲ್ಕು ಪಾಲು: ತಾಯಿ, ಇಬ್ಬರು ಮಕ್ಕಳು, ಮಗಳು. ಸಾಮಾನ್ಯವಾಗಿ ಎಲ್ಲರೂ ಮರೆಯುವುದು ತಾಯಿಯ ಪಾಲನ್ನು. "ಅಮ್ಮಂಗೆ ಜೀಪು ಯಾಕೆ?" ಎನ್ನುತ್ತಾರೆ. ಜೀಪು ಬೇಡದಿರಬಹುದು, ಜೀಪಿನ ಬೆಲೆಯ ಕಾಲುಭಾಗ ಅವರದೇ.

ಮೂರು ಬೆಲೆ, ಮೂರು ಲೆಕ್ಕ

ಗಾಡಿಗೆ ಬೆಲೆ ಎಂದಾಗ ಜನ ಮೂರು ಕಾಗದ ಹಿಡಿದುಕೊಂಡು ಬರುತ್ತಾರೆ. ಕೊಂಡ ದಿನದ ಬಿಲ್ಲು, ಲೆಕ್ಕಪತ್ರದಲ್ಲಿರುವ ಸವಕಳಿ ಕಳೆದ ಬೆಲೆ, ವಿಮಾ ಪಾಲಿಸಿಯಲ್ಲಿ ಅಚ್ಚಾದ ಬೆಲೆ. ಇವು ಮೂರೂ ಪಾಲಿಗೆ ಬೇಕಾದ ಬೆಲೆಯಲ್ಲ. ಯಾಕೆಂದು ಒಂದು ಉದಾಹರಣೆಯಿಂದ ನೋಡೋಣ.

ಎಂಟು ಲಕ್ಷ ರೂಪಾಯಿಗೆ ಕೊಂಡ ಪಿಕಪ್ ಒಂದಿದೆ, ಕೊಂಡು ನಾಲ್ಕೂವರೆ ವರ್ಷ ಎಂದಿಟ್ಟುಕೊಳ್ಳಿ. ಆದಾಯ ತೆರಿಗೆ ಲೆಕ್ಕದಲ್ಲಿ, ಬಾಡಿಗೆಗೆ ಓಡಿಸದ ಇಂಥ ಗಾಡಿಗೆ ವರ್ಷಕ್ಕೆ ಶೇ. 15ರಂತೆ, ಪ್ರತಿಸಲವೂ ಉಳಿದ ಬೆಲೆಯ ಮೇಲೆ ಸವಕಳಿ ಹಾಕುತ್ತಾರೆ. ಐದು ಲೆಕ್ಕವರ್ಷಗಳಿಗೆ ಪೂರ್ತಿ ಸವಕಳಿ ಹಾಕಿದರೆ ಎಂಟು ಲಕ್ಷವು 6,80,000, 5,78,000, 4,91,300, 4,17,605 ಎಂದು ಇಳಿಯುತ್ತ 3,54,964 ರೂಪಾಯಿಗೆ ಬಂದು ನಿಲ್ಲುತ್ತದೆ. ಇದು ತೆರಿಗೆಗಾಗಿ ಮಾಡಿದ ಲೆಕ್ಕ. ಗಾಡಿ ಕೊಟ್ಟಿಗೆಯಲ್ಲಿ ನಿಂತಿದ್ದರೂ ಇಷ್ಟೇ, ಘಾಟಿಯಲ್ಲಿ ಓಡಿದ್ದರೂ ಇಷ್ಟೇ.

ವಿಮೆಯ ಲೆಕ್ಕ ಬೇರೆ. ಆ ಜಾತಿಯ ಹೊಸ ಗಾಡಿಗೆ ತಯಾರಕರು ನಿಗದಿ ಮಾಡಿರುವ ಬೆಲೆಯಲ್ಲಿ ವಯಸ್ಸಿಗೆ ತಕ್ಕಂತೆ ಕಡಿತ. ಆರು ತಿಂಗಳೊಳಗೆ ಶೇ. 5, ಒಂದು ವರ್ಷದೊಳಗೆ ಶೇ. 15, ಎರಡರೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಹೊಸ ಗಾಡಿಯ ಬೆಲೆ ಈಗಲೂ ಎಂಟು ಲಕ್ಷವೇ ಆಗಿದ್ದರೆ ನಮ್ಮ ಪಿಕಪ್ಪಿಗೆ ನಾಲ್ಕು ಲಕ್ಷ ಬರುತ್ತದೆ. ಐದು ವರ್ಷ ದಾಟಿತೆಂದರೆ ಈ ಪಟ್ಟಿ ಮುಗಿಯಿತು. ಆಮೇಲೆ ಕಂಪನಿ ಮತ್ತು ಮಾಲೀಕರು ಒಪ್ಪಿಕೊಂಡದ್ದೇ ಬೆಲೆ. ವಿಮಾ ಕಂತು ಕಡಿಮೆಯಾಗಲೆಂದು ಹಲವರು ಈ ಬೆಲೆಯನ್ನೂ ಕಡಿಮೆಯಾಗಿಯೇ ಬರೆಸಿರುತ್ತಾರೆ. ಹಾಗೆ ಬರೆಸಿದ ಬೆಲೆಯನ್ನು ತಂಗಿಯ ಮುಂದಿಟ್ಟು "ನೋಡಮ್ಮ, ಇಷ್ಟೇ" ಎನ್ನುವುದು ನ್ಯಾಯವಲ್ಲ.

ಪಾಲಿಗೆ ಬೇಕಾದದ್ದು ಪೇಟೆಯ ಬೆಲೆ. ಅಂದರೆ, ಇವತ್ತು ಈ ಗಾಡಿಯನ್ನು ಇದ್ದ ಸ್ಥಿತಿಯಲ್ಲಿ, ಇದ್ದ ಕಾಗದಪತ್ರಗಳೊಂದಿಗೆ, ಅವಸರವಿಲ್ಲದೆ ಹೊರಗಿನವರಿಗೆ ಮಾರಿದರೆ ಕೈಗೆ ಬರುವ ಹಣ. ನಮ್ಮ ರಾಜ್ಯದಲ್ಲಿ ಖಾಸಗಿ ಕಾರು, ಜೀಪುಗಳಿಗೆ ಜೀವಾವಧಿ ತೆರಿಗೆಯನ್ನು ಮೊದಲೇ ಕಟ್ಟಿರುವುದರಿಂದ ಅದರ ಲಾಭವೂ ಕೊಂಡವರಿಗೆ ಹೋಗುತ್ತದೆ. ಪೇಟೆಯ ಬೆಲೆಯಲ್ಲಿ ಅದು ಸೇರಿಯೇ ಇರುತ್ತದೆ, ಬೇರೆ ಕೂಡಿಸಬೇಕಿಲ್ಲ.

ಫೋನಿನಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ, ಕೊಳ್ಳುವವರು ಕೊಟ್ಟ ಬೆಲೆಯಲ್ಲ. ಅಡಿಕೆ ಮಂಡಿಯಲ್ಲಿ ನಾವು ಕೇಳುವ ಧಾರಣೆಗೂ ಸಿಗುವ ಧಾರಣೆಗೂ ಎಷ್ಟು ಅಂತರವೆಂದು ಬಲ್ಲ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಾನೆಟ್ ಎತ್ತಿ ನೋಡುವ ಕೆಲಸ

ಪೇಟೆಯ ಬೆಲೆಯನ್ನು ಗೊತ್ತುಮಾಡಲು ಆ ಮನೆಯಲ್ಲಿ ಮೂವರನ್ನು ಕರೆಸಿದೆವು: ಒಬ್ಬ ಮೆಕ್ಯಾನಿಕ್, ಒಬ್ಬ ಹಳೆ ಗಾಡಿ ವ್ಯಾಪಾರಿ, ಜೀಪು ಇಟ್ಟುಕೊಂಡಿರುವ ದೂರದ ಊರಿನ ಒಬ್ಬ ಬೆಳೆಗಾರ. ಮೂವರನ್ನೂ ಬೇರೆ ಬೇರೆ ಹೊತ್ತಿನಲ್ಲಿ ಕರೆಸಿದೆವು. ಒಟ್ಟಿಗೆ ಕರೆಸಿದರೆ ಮೊದಲು ಮಾತಾಡಿದವನ ಬೆಲೆಗೆ ಉಳಿದಿಬ್ಬರು ತಲೆಯಾಡಿಸುತ್ತಾರೆ. ಗಾಡಿಯನ್ನು ಯಾರು ತೆಗೆದುಕೊಳ್ಳುತ್ತಾರೆಂದು ಅವರಿಗೆ ತಿಳಿಸಲಿಲ್ಲ. ಹಿರಿಯ ಮಗನ ಖಾಯಂ ಮೆಕ್ಯಾನಿಕ್ಕನ್ನು ಮಾತ್ರ ಬೇಡವೆಂದೆವು. ಅವನು ಒಳ್ಳೆಯವನೇ, ಆದರೆ ನಾಳೆಯೂ ಅವನಿಗೆ ಇದೇ ಮನೆಯಲ್ಲಿ ಕೆಲಸ ಬೇಕಲ್ಲ.

ಮಲೆನಾಡಿನ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಎಂಜಿನ್ನಲ್ಲ, ತುಕ್ಕು. ಬಯಲುಸೀಮೆಯ ಹತ್ತು ವರ್ಷದ ಗಾಡಿಯ ಛಾಸಿಯೂ ನಮ್ಮ ಹತ್ತು ಮಳೆಗಾಲ ಕಂಡ ಗಾಡಿಯ ಛಾಸಿಯೂ ಒಂದೇ ಅಲ್ಲ. ಗಾಡಿಯ ಅಡಿಗೆ ಮಲಗಿ ಸಣ್ಣ ಸುತ್ತಿಗೆಯಿಂದ ಛಾಸಿಯನ್ನು ತಟ್ಟುತ್ತ ಹೋಗಬೇಕು. ಗಟ್ಟಿ ಇದ್ದಲ್ಲಿ ಗಂಟೆಯ ದನಿ, ತಿಂದುಹೋದಲ್ಲಿ ಮಂಕು ದನಿ. ಬಳಿಕ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಬೇಕು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ದೊಡ್ಡ ಖರ್ಚು ಕಾದಿದೆ ಎಂದರ್ಥ. ಫೋರ್‌ವೀಲ್ ಗೇರು ನಿಜವಾಗಿ ಬೀಳುತ್ತದೆಯೋ, ಬರೀ ಸನ್ನೆ ಅಲ್ಲಾಡುತ್ತದೆಯೋ ಎಂದು ಏರಿನಲ್ಲಿ ಓಡಿಸಿ ನೋಡಬೇಕು. ಬ್ರೇಕು, ಪ್ಲೇಟುಗಳು, ಟೈರು, ಬ್ಯಾಟರಿ ಆಮೇಲೆ.

ಕೊನೆಗೆ ಕಾಗದ. ಆರ್‌ಸಿಯಲ್ಲಿರುವ ಛಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನ ನಂಬರುಗಳೊಂದಿಗೆ ಹೊಂದಬೇಕು. ನಮ್ಮ ಕಡೆಯ ಹಳೆ ಜೀಪುಗಳಲ್ಲಿ ತಕರಾರು ಏಳುವುದು ಇಲ್ಲಿಯೇ. ಈ ಜೀಪಿನ ಆರ್‌ಸಿಯಲ್ಲಿ ಪೆಟ್ರೋಲ್ ಎಂದಿತ್ತು, ಒಳಗಿದ್ದದ್ದು ಡೀಸೆಲ್. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಆರ್‌ಸಿಯ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. ಎಂಜಿನ್ ಬದಲಿಸಿದರೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. ಸಾಲದ್ದಕ್ಕೆ ನೋಂದಣಿಯ ಅವಧಿಯೂ ಮುಗಿದಿತ್ತು. ಬೆಂಗಳೂರಿನ ಆರು ಲಕ್ಷ ಕರಗಿದ್ದು ಈ ಎರಡು ಸಾಲುಗಳನ್ನು ಓದಿದಾಗ. ಕಿರಿಯ ಮಗ ಆರ್‌ಸಿಯನ್ನು ಎರಡು ಸಲ ತಿರುವಿ ನೋಡಿ ಫೋನನ್ನು ಜೇಬಿಗೆ ಹಾಕಿಕೊಂಡ.

ಹಾಗೆಂದು ಹಿರಿಯವನ ಗುಜರಿ ಬೆಲೆಯೂ ಸರಿಯಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಬೆಲೆಯೇ ಇಲ್ಲ, ಸರಕಾರ ಎತ್ತಿಕೊಂಡು ಹೋಗುತ್ತದೆ ಎಂಬ ಪುಕಾರು ಹಳ್ಳಿಗಳಲ್ಲಿದೆ. 2023ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದವುಗಳ ನೋಂದಣಿ ರದ್ದಾದದ್ದು ಸರಕಾರಿ ವಾಹನಗಳಿಗೆ. ನಮ್ಮ ಖಾಸಗಿ ಜೀಪು, ಕಾರುಗಳು ಯೋಗ್ಯತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶುಲ್ಕ ಕಟ್ಟಿದರೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು, ಬೆಲೆಯನ್ನೇ ಕಳೆಯಬಾರದು.

ಕೂಡಿ ಕಳೆದು ಭಾಗಿಸಿ

ಮೂವರು ಕೊಟ್ಟ ಬೆಲೆ, ಕಾಗದದ ಕೊರತೆಯನ್ನು ಎಣಿಸಿಕೊಂಡು, 1,80,000, 2,00,000 ಮತ್ತು 2,08,000. ಕೂಡಿಸಿ ಮೂರರಿಂದ ಭಾಗಿಸಿದರೆ 1,96,000. ಇದು ಪಾಲಾಗುವ ದಿನದ ಬೆಲೆ. ತಂದೆ ತೀರಿಕೊಂಡ ದಿನದ ಬೆಲೆಯನ್ನು ಹಿಡಿಯಬೇಕೆಂದು ಕೆಲವರು ವಾದಿಸುತ್ತಾರೆ. ಆದರೆ ಹಂಚುತ್ತಿರುವುದು ಇವತ್ತು ಅಂಗಳದಲ್ಲಿ ನಿಂತಿರುವ ಗಾಡಿಯನ್ನು. ಎಲ್ಲ ಸ್ವತ್ತಿಗೂ ಒಂದೇ ದಿನವನ್ನು ಹಿಡಿದು, ಆ ದಿನಾಂಕವನ್ನು ಪಟ್ಟಿಯ ತಲೆಯಲ್ಲಿ ಬರೆಯುವುದು ಮೇಲು.

ನಡುವಿನ ಹದಿನಾಲ್ಕು ತಿಂಗಳು ಗಾಡಿ ಓಡಿಸಿದವನು ಹಿರಿಯ ಮಗ. ಅವನು ಖರ್ಚಿನ ಚೀಟಿಗಳ ಕಟ್ಟು ತಂದಿಟ್ಟ. ಡೀಸೆಲ್, ಆಯಿಲ್, ಸಣ್ಣ ರಿಪೇರಿ ಇವುಗಳನ್ನು ನಾವು ಬದಿಗಿಟ್ಟೆವು. ಓಡಿಸಿದವನು ಓಡಿಸಿದ್ದಕ್ಕೆ ಮಾಡಿದ ಖರ್ಚು ಅದು. ಆದರೆ ನಾಲ್ಕು ಹೊಸ ಟೈರಿಗೆ 24,000 ಕೊಟ್ಟಿದ್ದ. ಆ ಟೈರುಗಳಿಂದಾಗಿ ಇವತ್ತಿನ ಬೆಲೆ ಹೆಚ್ಚಿದೆ. ಆ ಹೆಚ್ಚಳ ತಂದೆಯದಲ್ಲ, ಅವನದು. ಒಂದು ಮಳೆಗಾಲ ಸವೆದ ಮೇಲೆ ಟೈರಿನಲ್ಲಿ ಉಳಿದದ್ದು 16,000 ಎಂದು ಎಲ್ಲರೂ ಒಪ್ಪಿದರು. 1,96,000ದಲ್ಲಿ 16,000 ಕಳೆದರೆ 1,80,000. ನಾಲ್ಕು ಪಾಲು, ತಲಾ 45,000.

ಗಾಡಿಯ ಮೇಲೆ ಸಾಲ ಬಾಕಿಯಿದ್ದಿದ್ದರೆ ಭಾಗಿಸುವ ಮೊದಲು ಅದನ್ನೂ ಕಳೆಯಬೇಕಾಗಿತ್ತು. ಬಾಕಿಯಿರುವ ದಂಡಗಳನ್ನೂ ಹಾಗೆಯೇ.

ಗಾಡಿ ಯಾರಿಗೆ?

ಬೆಲೆ ನಿಂತ ಮೇಲೆ ಒಂದೇ ಪ್ರಶ್ನೆ: ಈ ಬೆಲೆಗೆ ಯಾರು ಇಟ್ಟುಕೊಳ್ಳುತ್ತೀರಿ? ಇದು ಬಹಳ ಒಳ್ಳೆಯ ಪ್ರಶ್ನೆ. ಹೆಚ್ಚು ಹೇಳಿದವನಿಗೆ "ಹಾಗಾದರೆ ನೀನೇ ತಗೋ" ಎನ್ನುತ್ತದೆ, ಕಡಿಮೆ ಹೇಳಿದವನಿಗೆ "ಹಾಗಾದರೆ ಅಷ್ಟಕ್ಕೇ ಕೊಡು" ಎನ್ನುತ್ತದೆ. ಇಬ್ಬರಿಗಿಂತ ಹೆಚ್ಚು ಜನ ಬೇಕೆಂದರೆ ಚೀಟಿಯಲ್ಲಿ ಬೆಲೆ ಬರೆಸಿ ಹೆಚ್ಚು ಬರೆದವರಿಗೆ ಕೊಡಬಹುದು. ಇಬ್ಬರೇ ಆದರೆ ಒಬ್ಬರು ಬೆಲೆ ಹೇಳಲಿ, ಇನ್ನೊಬ್ಬರು ಗಾಡಿಯೋ ಹಣವೋ ಆರಿಸಿಕೊಳ್ಳಲಿ. ಯಾರಿಗೂ ಬೇಡವಾದರೆ ಮಾರಿ ಹಣ ಹಂಚುವುದು. ಯಾವ ದಾರಿಯಾದರೂ ಸರಿ. ಎಲ್ಲರ ಎದುರಿನಲ್ಲಿ ಆಗಬೇಕು.

ಆ ಮನೆಯಲ್ಲಿ ಕಿರಿಯವನು ಸ್ವಲ್ಪ ಹೊತ್ತು ಯೋಚಿಸಿ, ಬೆಂಗಳೂರಿನಲ್ಲಿ ನಿಲ್ಲಿಸಲು ಜಾಗವಿಲ್ಲವೆಂದ. ಜೀಪು ಹಿರಿಯವನಿಗಾಯಿತು. ಕಿರಿಯವನ ಮನಸ್ಸಿನ ಅನುಮಾನ ಹೋಗಲೆಂದು ಒಂದು ಷರತ್ತು ಬರೆದೆವು: ಎರಡು ವರ್ಷದೊಳಗೆ ಹೊರಗಿನವರಿಗೆ ಮಾರಿದರೆ, ಹಾಕಿದ ಖರ್ಚು ಕಳೆದು ಹೆಚ್ಚಾಗಿ ಬಂದ ಹಣ ನಾಲ್ಕೂ ಪಾಲಿಗೆ ಸೇರತಕ್ಕದ್ದು.

ತಾಯಿ ಮಾತ್ರ ತಮ್ಮ 45,000 ಬೇಡವೆಂದರು. "ನಂಗೆ ದುಡ್ಡು ಯಾಕೆ? ತಿಂಗ್ಳಿಗೊಂದ್ಸಲ ಪೇಟೆ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಸಾಕು." ಹಿರಿಯವನು ಕೂಡಲೇ ಒಪ್ಪಿದ. ನಾವೂ ಪೆನ್ನು ಮುಚ್ಚುವುದರಲ್ಲಿದ್ದೆವು. ಮಗಳು ತಡೆದಳು: "ಹಂಗಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗೋದು ಮಗ ಆಗಿದ್ದಕ್ಕೆ. ದುಡ್ಡು ಪಾಲಿಂದು. ದುಡ್ಡೂ ಬರೀರಿ, ಆಸ್ಪತ್ರೆನೂ ಬರೀರಿ." ಎರಡನ್ನೂ ಬರೆದೆವು. ಪಂಚರೆನಿಸಿಕೊಂಡ ನಮಗೆ ಹೊಳೆಯದ ಮಾತು ಅದು.

ಬೆಲೆಯಾದ ಮೇಲೆ ಕಾಗದ

ಎಷ್ಟೋ ಮನೆಗಳಲ್ಲಿ ಹಣ ಹಂಚಿ, ಕಾಫಿ ಕುಡಿದು ಎದ್ದುಬಿಡುತ್ತಾರೆ. ಆರ್‌ಸಿ ಸತ್ತವರ ಹೆಸರಿನಲ್ಲೇ ವರ್ಷಗಟ್ಟಲೆ ಇರುತ್ತದೆ. ಇದು ದೊಡ್ಡ ಅಪಾಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ಮಾಲೀಕರು ತೀರಿಕೊಂಡ ಮೂವತ್ತು ದಿನದೊಳಗೆ ಆ ಸಂಗತಿಯನ್ನೂ ಗಾಡಿಯನ್ನು ತಾವು ಬಳಸುವ ಉದ್ದೇಶವನ್ನೂ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿದರೆ, ಗಾಡಿ ಕೈಗೆ ಬಂದ ವಾರಸುದಾರರು ಮೂರು ತಿಂಗಳು ಅದನ್ನು ಓಡಿಸಬಹುದು. ಆ ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಕೊಡಬೇಕು. ನಮೂನೆಯೊಂದಿಗೆ ಮರಣ ಪ್ರಮಾಣಪತ್ರ, ಆರ್‌ಸಿ, ವಿಮಾ ಪತ್ರ ಇರಬೇಕು. ವಂಶವೃಕ್ಷ ಮತ್ತು ಉಳಿದ ವಾರಸುದಾರರ ಒಪ್ಪಿಗೆಯ ಪ್ರಮಾಣಪತ್ರಗಳನ್ನೂ ಕಚೇರಿಯಲ್ಲಿ ಕೇಳುತ್ತಾರೆ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಪಾಲು ಇತ್ಯರ್ಥವಾಗುವುದು ತಡವಾಗುವಂತಿದ್ದರೂ ಮೂವತ್ತು ದಿನದ ತಿಳಿವಳಿಕೆ ಪತ್ರವನ್ನು ತಪ್ಪಿಸಬೇಡಿ.

ವಿಮೆಯೂ ಹಾಗೆಯೇ. ಪಾಲಿಸಿದಾರರು ತೀರಿಕೊಂಡರೆ ಸಾಮಾನ್ಯವಾಗಿ ಮೂರು ತಿಂಗಳು ಅಥವಾ ಪಾಲಿಸಿ ಮುಗಿಯುವ ದಿನ, ಇವೆರಡರಲ್ಲಿ ಮೊದಲು ಬರುವವರೆಗೆ ಮಾತ್ರ ಆ ಪಾಲಿಸಿ ನಡೆಯುತ್ತದೆ. ಅಷ್ಟರೊಳಗೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಮೇಲೆ ಹೇಳಿದ ಮನೆಯಲ್ಲಿ ಹದಿನಾಲ್ಕು ತಿಂಗಳು ಸತ್ತವರ ಹೆಸರಿನಲ್ಲೇ ಜೀಪು ಓಡಿತ್ತು. ಕೊಯ್ಲಿನ ಕಾಲದಲ್ಲಿ ಆಳುಗಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುವಾಗ ಏನಾದರೂ ಆಗಿದ್ದರೆ, ಪರಿಹಾರದ ಹೊರೆ ತಂದೆಯ ಆಸ್ತಿಯ ಮೇಲೆ, ಅಂದರೆ ನಾಲ್ವರ ಪಾಲಿನ ಮೇಲೂ ಬೀಳಬಹುದಿತ್ತು. ಏನೂ ಆಗಲಿಲ್ಲ, ದೇವರ ದಯೆ. ಆದರೆ ದೇವರ ದಯೆಯನ್ನು ವಿಮಾ ಪತ್ರವೆಂದು ತಿಳಿಯಬಾರದು.

ಬ್ಯಾಂಕು ಅಥವಾ ಸೊಸೈಟಿಯ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಅದರ ಹೆಸರು ಉಳಿದಿರುವುದುಂಟು. ಸಾಲ ಕೊಟ್ಟವರ ಸಹಿಯೊಂದಿಗೆ ನಮೂನೆ 35 ಕೊಟ್ಟು ಅದನ್ನು ತೆಗೆಸಬೇಕು. 2021ರಿಂದ ಮಾಲೀಕರು ಬದುಕಿರುವಾಗಲೇ ಆರ್‌ಸಿಯಲ್ಲಿ ನಾಮಿನಿಯ ಹೆಸರನ್ನು ಸೇರಿಸಲು ಅವಕಾಶವಾಗಿದೆ. ಇದರಿಂದ ಹೆಸರು ಬದಲಾವಣೆ ಸುಲಭವಾಗುತ್ತದೆ. ನಾಮಿನಿಯಾದ ಮಾತ್ರಕ್ಕೆ ಉಳಿದವರ ಪಾಲು ಅಳಿಸಿಹೋಯಿತೆಂದು ಮಾತ್ರ ಯಾರೂ ಭಾವಿಸಬಾರದು.

ನಮ್ಮ ಮನೆಯ ಲೆಕ್ಕ

ಇಷ್ಟೆಲ್ಲ ಬರೆದ ನಾವು ನಮ್ಮ ಮನೆಯಲ್ಲಿ ಹೇಗೆ ನಡೆದುಕೊಂಡೆವೆಂದು ಹೇಳದೆ ಮುಗಿಸಿದರೆ ಸದಸ್ಯರಿಗೆ ಮೋಸ ಮಾಡಿದಂತೆ.

ನಮ್ಮ ತಂದೆಯವರು 1999ರಲ್ಲಿ ತೀರಿಕೊಂಡರು. ನಾವಿಬ್ಬರು ಗಂಡುಮಕ್ಕಳು, ಒಬ್ಬಳು ಅಕ್ಕ. ಅವಳ ಮದುವೆ 1991ರಲ್ಲಾಗಿತ್ತು. ಹೆಣ್ಣುಮಕ್ಕಳಿಗೆ ಒಟ್ಟು ಕುಟುಂಬದಲ್ಲಿ ಹಕ್ಕು ಕೊಟ್ಟ 1994ರ ಕರ್ನಾಟಕದ ತಿದ್ದುಪಡಿ, ಅದಕ್ಕೆ ಮೊದಲೇ ಮದುವೆಯಾದವರಿಗೆ ಅನ್ವಯಿಸುತ್ತಿರಲಿಲ್ಲ. ಹಾಗಿದ್ದರೂ ತಂದೆಯ ಭಾಗದಲ್ಲಿ ಅವಳಿಗೆ ಪಾಲು 1956ರಿಂದಲೂ ಇತ್ತು. ಪದವೀಧರರಾದ ನಮಗೆ ಇದು ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ.

ಪಾಲುಪಟ್ಟಿ ಬರೆದೆವು. ತೋಟ, ಮನೆ, ಬಂಗಾರ, ಹಿತ್ತಾಳೆ ಪಾತ್ರೆ, ಅಡಿಕೆ ಬೇಯಿಸುವ ಹಂಡೆ ಎಲ್ಲವನ್ನೂ ಬರೆದೆವು. ಜೀಪನ್ನು ಬರೆಯಲಿಲ್ಲ. "ತೋಟದ ಜೀಪು, ತೋಟದಲ್ಲಿದ್ದವರಿಗೆ" ಎಂದು ನಾವೂ ತಮ್ಮನೂ ಮಾತಾಡಿಕೊಂಡೆವು, ಪಂಚರೂ ಹೌದೆಂದರು. ಅಕ್ಕ ತೋರಿಸಿದಲ್ಲಿ ಸಹಿ ಹಾಕಿ ಹೋದಳು.

2006ರಲ್ಲಿ ಆ ಜೀಪನ್ನು ಮಾರಿದೆವು. ಅದೇ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋದಾಗ ಅಕ್ಕ ಕೇಳಿದಳು: "ಜೀಪು ಕೊಟ್ರಂತೆ, ಎಷ್ಟಕ್ಕೆ ಹೋಯ್ತು?" ಹೇಳಿದೆವು. ಅವಳು ಒಲೆಯ ಕಡೆ ತಿರುಗಿ, "ಹಂಗಾದ್ರೆ ಅದಕ್ಕೂ ಒಂದು ಬೆಲೆ ಇತ್ತು ಅನ್ನು" ಎಂದಳು. ಅಷ್ಟೇ. ಬೇರೆ ಮಾತಾಡಲಿಲ್ಲ, ಊಟ ಬಡಿಸಿದಳು.

ಆ ಊಟದ ರುಚಿ ನಮಗೆ ನೆನಪಿಲ್ಲ, ಮಾತು ನೆನಪಿದೆ. ಮುಂದಿನ ಸುಗ್ಗಿಯಲ್ಲಿ ನಾವೂ ತಮ್ಮನೂ ಕೂತು, ಮಾರಿದ ಬೆಲೆಯಲ್ಲಿ ಅವಳಿಗೆ ಬರಬೇಕಾದದ್ದನ್ನು ಲೆಕ್ಕ ಹಾಕಿ ಕೊಂಡುಹೋದೆವು. ಬೇಡವೆನ್ನುತ್ತಾಳೆ, ನಾವು ಒತ್ತಾಯ ಮಾಡಬೇಕಾಗುತ್ತದೆ ಎಂದುಕೊಂಡಿದ್ದೆವು. ಅವಳು ಬೇಡವೆನ್ನಲಿಲ್ಲ. ಎಣಿಸಿ ತೆಗೆದುಕೊಂಡಳು. ಆಮೇಲೆ ಕಾಫಿ ಮಾಡಿದಳು, ತಂದೆಯವರು ಆ ಜೀಪಿನಲ್ಲಿ ತನ್ನನ್ನು ಕಾಲೇಜಿಗೆ ಬಿಡುತ್ತಿದ್ದ ದಿನಗಳ ಮಾತು ತೆಗೆದಳು. ಏಳು ವರ್ಷದಲ್ಲಿ ಅವಳು ನಮ್ಮೆದುರು ಆ ಜೀಪಿನ ಹೆಸರೆತ್ತಿ ನಕ್ಕದ್ದು ಅದೇ ಮೊದಲು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಪಾಲಿನ ಪಟ್ಟಿ ಬರೆಯುವಾಗ ಗಾಡಿಗೂ ಒಂದು ಸಾಲು ಇರಲಿ. ನಂಬರು, ವರ್ಷ, ಇಂದಿನ ಸ್ಥಿತಿ, ಮೂವರು ಹೇಳಿದ ಬೆಲೆ, ಕಳೆದದ್ದು, ಉಳಿದದ್ದು, ಯಾರಿಗೆ ಹೋಯಿತು, ಯಾರಿಗೆ ಎಷ್ಟು ಸಂದಿತು ಎಂಬುದನ್ನು ಬರೆದು ಎಲ್ಲ ವಾರಸುದಾರರೂ ಓದಿದ ಮೇಲೆ ಸಹಿಯಾಗಲಿ. ಯಾರಾದರೂ ತಮ್ಮ ಪಾಲನ್ನು ಬಿಟ್ಟುಕೊಡುವುದಾದರೆ ಸಂತೋಷ, ಆದರೆ ಬಿಟ್ಟದ್ದು ಎಷ್ಟೆಂದು ತಿಳಿದು ಬಿಡಲಿ. ಹೀಗೆ ಪಟ್ಟಿ ಮಾಡುವ ಮಾದರಿಯೊಂದನ್ನು ಬರೆದು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಗೊಬ್ಬರಕ್ಕೋ ತುತ್ತಕ್ಕೋ ಬಂದಾಗ ಕೇಳಿ ಪಡೆಯಬಹುದು.